ಸಭೆಯಿಂದ ಊರಿಗೆ: ಟ್ಯೂಷನ್, ಊಟ, ಶಿಬಿರ, ಅರ್ಜಿ ಮೇಜು, ರೋಗಿಗಳ ಭೇಟಿ – ನಿಮ್ಮ ಸಭೆಗೆ ಯಾವುದು?

‘ತಿಂಗಳಿಗೆ ಐದಾರು ಸಾವಿರ ಉಳಿಯುತ್ತದೆ, ಹತ್ತು ಜನ ಕೈ ಸೇರಿಸಲು ಸಿದ್ಧರಿದ್ದಾರೆ. ಊರಿಗೆ ಏನಾದರೂ ಮಾಡಬೇಕು. ಮಕ್ಕಳಿಗೆ ಟ್ಯೂಷನ್ ಮಾಡೋಣವೋ, ಆಸ್ಪತ್ರೆಗೆ ಊಟ ಒಯ್ಯೋಣವೋ, ಆರೋಗ್ಯ ಶಿಬಿರ ಇಡೋಣವೋ?’ ತಾಲ್ಲೂಕು ಊರಿನ ಅರವತ್ತು ಎಪ್ಪತ್ತು ಕುಟುಂಬಗಳ ಕ್ರೈಸ್ತ ಸಭೆಯ (ಚರ್ಚಿನ) ಪಾಸ್ಟರೇಟ್ ಕಮಿಟಿಯಲ್ಲೂ, ಕ್ಯಾಥೊಲಿಕ್ ಧರ್ಮಕೇಂದ್ರದ ಪಾಲನಾ ಮಂಡಳಿಯಲ್ಲೂ ಈ ಪ್ರಶ್ನೆ ಒಂದೇ ರೀತಿಯಲ್ಲಿ ಬರುತ್ತದೆ. ಎಲ್ಲವೂ ಒಳ್ಳೆಯ ಕೆಲಸವೇ ಆದ್ದರಿಂದ ಆಯ್ಕೆ ಕಷ್ಟವಾಗುತ್ತದೆ. ಕೊನೆಗೆ ಕ್ರಿಸ್‌ಮಸ್‌ಗೆ ಕಂಬಳಿ ಹಂಚಿ ಆ ವರ್ಷ ಮುಗಿಯುತ್ತದೆ.

ಕರ್ನಾಟಕದ ಸಭೆಗಳಿಗೆ ಸೇವೆ ಹೊಸದಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಸಂಸ್ಥೆ ಶಾಲೆ, ಮುದ್ರಣಾಲಯ, ನೇಯ್ಗೆ ಎಂದು ನಡೆದು, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತು. ಫಾದರ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಆರಂಭಿಸಿದ ಹೋಮಿಯೋಪತಿ ಔಷಧದ ಸಣ್ಣ ಕೆಲಸ ಈಗ ದೊಡ್ಡ ಆಸ್ಪತ್ರೆಯಾಗಿದೆ. ಆದರೆ ಅವರ ಕಾಲದಲ್ಲಿ ಊರಲ್ಲಿ ಶಾಲೆ ಇರಲಿಲ್ಲ, ಆಸ್ಪತ್ರೆ ಇರಲಿಲ್ಲ. ಇಂದು ಎರಡೂ ಇವೆ, ಪಡಿತರವೂ ಇದೆ, ಪಿಂಚಣಿಯೂ ಇದೆ. ಇದ್ದರೂ ಕೈಗೆ ಸಿಗದವರು ಪ್ರತಿ ಬೀದಿಯಲ್ಲಿದ್ದಾರೆ. ಇಂದಿನ ಸಭೆ ಕಣ್ಣಿಡಬೇಕಾದದ್ದು ಆ ಅಂತರದ ಮೇಲೆ.

ಮೊದಲು ಅಳತೆಗೋಲು

ಯಾವ ಕೆಲಸವನ್ನಾದರೂ ಐದು ಪ್ರಶ್ನೆಗಳಿಗೆ ಒಡ್ಡಿ ನೋಡಿ.

ಒಂದು, ಇದನ್ನು ಕೇಳಿದವರು ಯಾರು? ಕಮಿಟಿಗೆ ಹೊಳೆದದ್ದು ಬೇರೆ, ಊರಿಗೆ ಬೇಕಾದದ್ದು ಬೇರೆ. ಎರಡು ವಾರ ಬಿಡುವು ಮಾಡಿಕೊಂಡು ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರು, ವಾರ್ಡಿನ ಸದಸ್ಯರು, ನ್ಯಾಯಬೆಲೆ ಅಂಗಡಿಯವರನ್ನು ಮಾತಾಡಿಸಿ. ‘ಇಲ್ಲಿ ಯಾರಿಗೆ ಯಾರೂ ಇಲ್ಲ?’ ಎಂದು ಕೇಳಿ. ಮೂವರು ಬೇರೆ ಬೇರೆಯಾಗಿ ಒಂದೇ ವಿಷಯ ಹೇಳಿದರೆ ಅದನ್ನು ನಂಬಬಹುದು.

ಎರಡು, ವಾರಕ್ಕೆ ಎಷ್ಟು ಗಂಟೆ? ಆರಾಧನೆಯಲ್ಲಿ ಕೈ ಎತ್ತಿದ ಹತ್ತು ಜನರಲ್ಲಿ ಆರನೇ ತಿಂಗಳಲ್ಲೂ ಉಳಿಯುವವರು ಸಾಮಾನ್ಯವಾಗಿ ನಾಲ್ಕೈದು ಜನ. ಆ ನಾಲ್ಕೈದು ಜನರ ಲೆಕ್ಕದಲ್ಲೇ ಯೋಜನೆ ಹಾಕಿ.

ಮೂರು, ಹಣ ಎಲ್ಲಿಂದ? ಒಬ್ಬ ದಾನಿಯ ಮೇಲೆ ನಿಂತ ಕೆಲಸ ಆ ದಾನಿಯ ಮಗಳ ಮದುವೆಯ ವರ್ಷ ನಿಲ್ಲುತ್ತದೆ. ತಿಂಗಳ ಖರ್ಚು ಮಾಮೂಲಿ ಕಾಣಿಕೆಯಿಂದ ಅಥವಾ ಹತ್ತಿಪ್ಪತ್ತು ಮನೆಗಳ ಮಾಸಿಕ ವಾಗ್ದಾನದಿಂದ ಬರಬೇಕು. ಸುಗ್ಗಿ ಹಬ್ಬದ ಹರಾಜಿನ ಹಣವನ್ನು ವೀಲ್‌ಚೇರಿನಂಥ ಒಮ್ಮೆ ಕೊಳ್ಳುವ ಸಾಮಾನಿಗೆ ಮಾತ್ರ ಬಳಸಿ. ವಿದೇಶದಲ್ಲಿರುವ ಬಂಧುಗಳ ಹಣ ತೆಗೆದುಕೊಳ್ಳುವ ಮುನ್ನ ಅವರ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳಿ. ದುಬೈಯಲ್ಲಿದ್ದರೂ ಭಾರತದ ಪ್ರಜೆಯೇ ಆಗಿದ್ದರೆ, ಅವರು ಸ್ವಂತ ದುಡಿಮೆಯಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ಪಡೆದವರು ಕೊಟ್ಟದ್ದು, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಮುಟ್ಟುವಂತಿಲ್ಲ.

ನಾಲ್ಕು, ಸಭಾಪಾಲಕರಿಗೆ ವರ್ಗವಾದರೆ ಕೆಲಸ ನಡೆಯುತ್ತದೆಯೇ? ಕೀಲಿಕೈ, ಲೆಕ್ಕದ ಪುಸ್ತಕ, ಫೋನ್ ನಂಬರುಗಳು ಅವರೊಬ್ಬರ ಬಳಿಯೇ ಇದ್ದರೆ ನಡೆಯುವುದಿಲ್ಲ.

ಐದನೆಯದನ್ನು ಯಾರೂ ಕೇಳುವುದಿಲ್ಲ: ನಡುವೆ ನಿಲ್ಲಿಸಿದರೆ ಯಾರಿಗೆ ನಷ್ಟ? ರಕ್ತದಾನ ಶಿಬಿರ ಒಂದು ವರ್ಷ ತಪ್ಪಿದರೆ ದೊಡ್ಡ ಹಾನಿಯಿಲ್ಲ. ಹತ್ತನೇ ತರಗತಿಯ ಮಕ್ಕಳ ಟ್ಯೂಷನ್ನನ್ನು ಡಿಸೆಂಬರಿನಲ್ಲಿ ನಿಲ್ಲಿಸಿದರೆ ಅದು ಮೋಸವೇ ಸರಿ.

ಇವೆಲ್ಲಕ್ಕೂ ಮೇಲೆ ಒಂದು ಕಟ್ಟಳೆ ಇರಲಿ. ಸೇವೆಗೂ ಆರಾಧನೆಗೂ ಷರತ್ತಿನ ಗಂಟು ಹಾಕಬೇಡಿ. ಟ್ಯೂಷನ್ನಿಗೆ ಬಂದ ಮಗು ಸಂಡೇ ಸ್ಕೂಲಿಗೆ ಬರಲೇಬೇಕು, ಅಕ್ಕಿ ಪಡೆದವರು ಪ್ರಾರ್ಥನೆಗೆ ಕೂರಲೇಬೇಕು ಎಂಬಂಥದ್ದು ಯಾವುದೂ ಇರಬಾರದು. ಮತಾಂತರದ ಆಮಿಷ ಎಂಬ ಆರೋಪದ ಅಪಾಯ ಇದ್ದೇ ಇದೆ. ಆದರೆ ಮೊದಲ ಕಾರಣ ಅದಲ್ಲ. ಯೇಸು ಹೇಳಿದ ಕಥೆಯಲ್ಲಿ ದಾರಿಯಲ್ಲಿ ಬಿದ್ದವನ ಗಾಯ ಕಟ್ಟಿದ ಸಮಾರ್ಯದವನು ಅವನನ್ನು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಈ ನಿಯಮವನ್ನು ಒಂದು ಹಾಳೆಯಲ್ಲಿ ಬರೆದು ಕಮಿಟಿಯ ಸಹಿ ಹಾಕಿ ಬಾಗಿಲಿಗೆ ಅಂಟಿಸಿ.

ಅರ್ಜಿ ಮೇಜು: ಹಣ ಕಡಿಮೆ, ಫಲ ಹೆಚ್ಚು

ಹಣವಿಲ್ಲದ ಸಭೆಗೆ ನಮ್ಮ ಮೊದಲ ಸಲಹೆ ಇದು. ವಾರಕ್ಕೆ ಎರಡು ಸಂಜೆ, ತಲಾ ಎರಡು ಗಂಟೆ, ಸಭಾಂಗಣದಲ್ಲಿ ಒಂದು ಮೇಜು. ನಿವೃತ್ತ ಗುಮಾಸ್ತರೋ ಶಿಕ್ಷಕರೋ ಒಬ್ಬರು, ಫೋನಿನಲ್ಲಿ ಚುರುಕಾಗಿರುವ ಯುವಕ ಯುವತಿ ಒಬ್ಬರು. ಕಂಪ್ಯೂಟರ್ ಕೂಡ ಆರಂಭದಲ್ಲಿ ಬೇಡ. ಅರ್ಜಿ ಹಾಕುವ ಕೆಲಸವನ್ನು ಗ್ರಾಮ ಒನ್, ನಾಡಕಚೇರಿಗೇ ಬಿಡಿ. ಕಾಗದ ಸರಿಯಿಲ್ಲದೆ ಮೂರು ಸಲ ಅಲೆಯುವುದನ್ನು ಒಂದು ಸಲಕ್ಕೆ ಇಳಿಸುವುದು ನಿಮ್ಮ ಕೆಲಸ. ಕೂಲಿಯವರಿಗೆ ಒಂದು ಅಲೆದಾಟ ಎಂದರೆ ಒಂದು ದಿನದ ಸಂಬಳ.

ತೊಂದರೆ ಹೆಚ್ಚಾಗಿ ನಾಲ್ಕು ಕಡೆ ಸಿಕ್ಕಿಕೊಳ್ಳುತ್ತದೆ. ಹೆಸರು ಮೊದಲನೆಯದು. ಆಧಾರ್‌ನಲ್ಲಿ ‘ಲಕ್ಷ್ಮವ್ವ’, ಪಡಿತರ ಚೀಟಿಯಲ್ಲಿ ‘ಲಕ್ಷ್ಮೀಬಾಯಿ’, ಪಾಸ್‌ಬುಕ್ಕಿನಲ್ಲಿ ‘ಲಕ್ಷ್ಮಿ ಕೆ.’ ಎಂದಿದ್ದರೆ ಪಿಂಚಣಿ ಅರ್ಜಿ ಮುಂದೆ ಹೋಗದು. ಎಲ್ಲ ಕಾಗದ ಮುಂದಿಟ್ಟುಕೊಂಡು ಅಕ್ಷರ ಅಕ್ಷರವಾಗಿ ಓದಿ, ಯಾವುದನ್ನು ತಿದ್ದಿಸಬೇಕೆಂದು ಚೀಟಿಯಲ್ಲಿ ಬರೆದುಕೊಡಿ. ಆಧಾರ್‌ನಲ್ಲಿ ಹೆಸರನ್ನು ಎರಡೇ ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ಬದಲಿಸಲು ಅವಕಾಶ. ಆದ್ದರಿಂದ ಆತುರದಲ್ಲಿ ಆಧಾರನ್ನೇ ತಿದ್ದಿಸಬೇಡಿ. ಎರಡನೆಯದು ಮೊಬೈಲ್. ಒಟಿಪಿ ಹೋಗುವುದು ಎಂದೋ ಕಳೆದುಹೋದ ಸಿಮ್ಮಿಗೆ. ಮೂರನೆಯದು ಬ್ಯಾಂಕ್. ‘ಖಾತೆಗೆ ಆಧಾರ್ ಕೊಟ್ಟಿದ್ದೇನೆ, ಆದರೂ ದುಡ್ಡು ಬಂದಿಲ್ಲ’ ಎಂದು ಹೇಳುವವರ ಹಣ ಎಷ್ಟೋ ಸಲ ಬೇರೊಂದು ಬ್ಯಾಂಕಿನ ಹಳೆಯ ಖಾತೆಯಲ್ಲಿ ಬಿದ್ದಿರುತ್ತದೆ. ಸರ್ಕಾರದ ನೇರ ನಗದು ಹೋಗುವುದು ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಕೊನೆಗೆ ಜೋಡಣೆಯಾದ ಖಾತೆಗೆ. ನಾಲ್ಕನೆಯದು ಅವಧಿ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಆಯಸ್ಸು. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ತೆರೆಯುವ ಮುಂಚೆಯೇ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಇನ್ನೂ ಚಾಲ್ತಿಯಲ್ಲಿದೆಯೇ ನೋಡಿ.

ಹಿರಿಯರ ಪಿಂಚಣಿಯಾದ ಸಂಧ್ಯಾ ಸುರಕ್ಷಾ, ವಿಧವಾ ವೇತನ, ಅಂಗವಿಕಲರ ಯುಡಿಐಡಿ ಗುರುತಿನ ಕಾರ್ಡ್, 70 ತುಂಬಿದವರಿಗೆ 2024ರ ಅಕ್ಟೋಬರಿನಲ್ಲಿ ಬಂದ, ಉಚಿತ ಚಿಕಿತ್ಸೆಯ ಆಯುಷ್ಮಾನ್ ವಯ ವಂದನಾ ಕಾರ್ಡ್ – ಈ ನಾಲ್ಕನ್ನು ಚೆನ್ನಾಗಿ ಕಲಿತರೂ ಮೊದಲ ವರ್ಷಕ್ಕೆ ಸಾಕು.

ಎಚ್ಚರ ಬೇಕಾದ ಕಡೆ: ಯಾರ ಆಧಾರ್ ಪ್ರತಿಯನ್ನೂ ಇಟ್ಟುಕೊಳ್ಳಬೇಡಿ, ಫೋಟೊ ತೆಗೆದಿದ್ದರೆ ಅವರ ಎದುರೇ ಅಳಿಸಿ. ಒಟಿಪಿಯನ್ನು ಅವರೇ ಓದಲಿ. ‘ಮಾಡಿಸಿಕೊಡುತ್ತೇವೆ’ ಎಂಬ ಮಾತು ಬೇಡ, ‘ನೋಡಿಕೊಡುತ್ತೇವೆ’ ಎನ್ನಿ. ಟೀ ದುಡ್ಡೆಂದು ಹತ್ತು ರೂಪಾಯಿ ತೆಗೆದುಕೊಂಡರೂ ಮೇಜಿನ ಹೆಸರು ಕೆಡುತ್ತದೆ. ಈ ಕೆಲಸ ಫೋಟೊಗೆ ಸಿಗುವುದಿಲ್ಲ, ವಾರ್ಷಿಕ ವರದಿಯಲ್ಲಿ ಎರಡೇ ಸಾಲು. ಅದಕ್ಕೇ ಕಮಿಟಿಗಳು ಇದನ್ನು ಬಿಡುತ್ತವೆ. ಬಿಡಬಾರದು.

ಮನೆಯಲ್ಲಿ ಮಲಗಿದವರ ಭೇಟಿ ಮತ್ತು ಸಾಮಾನು ಎರವಲು

ಲಕ್ವ ಹೊಡೆದು ಮಲಗಿದ ಅಜ್ಜ, ಕ್ಯಾನ್ಸರ್ ಕೊನೆಯ ಹಂತದಲ್ಲಿ ಮನೆಗೆ ಕಳಿಸಿದ ತಾಯಿ, ಅವರನ್ನು ನೋಡಿಕೊಳ್ಳುತ್ತಾ ಆರು ತಿಂಗಳಿಂದ ನೆಮ್ಮದಿಯಾಗಿ ಮಲಗದ ಸೊಸೆ. ಸಭೆಗೆ ಸಹಜವಾಗಿ ಒಗ್ಗುವ ಕೆಲಸವೆಂದರೆ ಇದೇ. ಸ್ತ್ರೀಯರ ಕೂಟದವರು ತಮ್ಮ ಸಭೆಯ ರೋಗಿಗಳನ್ನು ನೋಡಲು ಹೇಗೂ ಹೋಗುತ್ತಾರೆ. ಬೀದಿಯ ಆಚೆ ಬದಿಯ ಮನೆಗೂ ಹೋದರೆ ಆಯಿತು.

ಇಬ್ಬಿಬ್ಬರ ಮೂರು ಜೋಡಿ, ಜೋಡಿಗೆ ಎರಡು ಮೂರು ಮನೆ, ವಾರಕ್ಕೊಮ್ಮೆ ಮುಕ್ಕಾಲು ಗಂಟೆ. ಇದಕ್ಕಿಂತ ಹೆಚ್ಚು ಹೊರಬೇಡಿ. ರೋಗಿ ಹೆಂಗಸಾದರೆ ಜೋಡಿಯಲ್ಲಿ ಹೆಂಗಸು ಇರಲೇಬೇಕು. ಹತ್ತಿರದ ಆಸ್ಪತ್ರೆಯ ನರ್ಸ್ ಒಬ್ಬರಿಂದ ಎರಡು ದಿನದ ತರಬೇತಿ ಪಡೆಯಿರಿ. ಮಾತ್ರೆಯನ್ನು ಬದಲಿಸುವುದು, ನಿಲ್ಲಿಸುವುದು, ನಾಟಿ ಔಷಧ ಸೂಚಿಸುವುದು ಭೇಟಿಗೆ ಹೋದವರ ಕೆಲಸವಲ್ಲ. ಪ್ರಾರ್ಥನೆಯನ್ನು ಅವರು ಕೇಳಿದರೆ ಮಾತ್ರ ಮಾಡಿ. ಕೇಳದಿದ್ದರೆ ಕೈ ಹಿಡಿದು ಕೂತರೆ ಸಾಕು.

ಮಲಗಿದವರಿಗೆ ದೊಡ್ಡ ಶತ್ರು ಬೆಡ್‌ಸೋರ್, ಅಂದರೆ ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಹುಣ್ಣು. ಸೊಂಟದ ಹಿಂಭಾಗ, ಹಿಮ್ಮಡಿ, ಮೊಣಕೈ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳುಚದೆ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ ಎಂದರ್ಥ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದಿರಬಹುದು, ಅಲ್ಲಿ ಬಿಸಿಯನ್ನೂ ಗಟ್ಟಿತನವನ್ನೂ ಮುಟ್ಟಿ ನೋಡಬೇಕು. ಆ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬಾರದು, ಒಳಗಿನ ಚರ್ಮ ಇನ್ನಷ್ಟು ಕೆಡುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೊಣಕಾಲುಗಳ ನಡುವೆ ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಮಡಚಿದ ಬಟ್ಟೆ – ಇಷ್ಟನ್ನು ಮನೆಯವರಿಗೆ ಮಾಡಿ ತೋರಿಸಿ.

ಸಾಮಾನಿಗೆ ಒಮ್ಮೆಗೆ 30,000 ರೂಪಾಯಿ ಆಸುಪಾಸು ಬೇಕು: ಎರಡು ವೀಲ್‌ಚೇರ್, ಮೂರು ಏರ್‌ಬೆಡ್, ಎರಡು ಕಮೋಡ್ ಕುರ್ಚಿ, ಎರಡು ವಾಕರ್. ವೀಲ್‌ಚೇರ್ ಕೊಡುವ ಮೊದಲು ಟೇಪು ಹಿಡಿದು ಮನೆಯ ಬಾಗಿಲು ಅಳೆಯಿರಿ. 18 ಅಂಗುಲದ ಸೀಟಿನ ಕುರ್ಚಿ ಚಕ್ರ ಸೇರಿ ಸುಮಾರು 25 ಅಂಗುಲ ಅಗಲವಿರುತ್ತದೆ. ಹಳೆಯ ಬಚ್ಚಲಿನ ಎರಡಡಿ ಬಾಗಿಲಲ್ಲಿ ಅದು ಹೋಗುವುದಿಲ್ಲ. ಏರ್‌ಬೆಡ್ಡಿನ ಮೇಲೆ ದಪ್ಪ ಕೌದಿ ಹಾಸಿಬಿಡುತ್ತಾರೆ, ಆಗ ಗಾಳಿಯ ಏರಿಳಿತ ಮೈಗೆ ತಲುಪುವುದೇ ಇಲ್ಲ. ತೆಳುವಾದ ಒಂದೇ ಹೊದಿಕೆ ಸಾಕು. ಸೊಂಟದ ನೇರಕ್ಕೆ ಏರ್‌ಬೆಡ್ಡಿನ ಕೆಳಗೆ ಅಂಗೈ ಇಟ್ಟು ನೋಡಿ. ಮೂಳೆ ಕೈಗೆ ಒತ್ತಿದರೆ ಗಾಳಿ ಸಾಲದು. ಸೇಫ್ಟಿ ಪಿನ್, ಬಳೆ, ಬೆಕ್ಕಿನ ಉಗುರು ಇದನ್ನು ತೂತು ಮಾಡುವ ಮೂರು ಮುಖ್ಯ ಕಾರಣಗಳು. ವಾಕರಿನ ರಬ್ಬರ್ ಕಾಲು ಸವೆದಿದ್ದರೆ ಹೊಸದು ಹಾಕದೆ ಕೊಡಬೇಡಿ.

ಎರವಲು ಪುಸ್ತಕದಲ್ಲಿ ಸಾಮಾನು, ಮನೆ, ಫೋನ್, ತೆಗೆದುಕೊಂಡ ದಿನ ಇರಲಿ. ಠೇವಣಿ ಬೇಡ. ಎರಡು ತಿಂಗಳಿಗೊಮ್ಮೆ ವಿಚಾರಿಸಿದರೆ ಸಾಕು. ರೋಗಿ ತೀರಿಕೊಂಡ ಮನೆಯಲ್ಲಿ ತಿಥಿ ಮುಗಿಯುವ ತನಕ ಸಾಮಾನು ಕೇಳಬೇಡಿ.

ತಿಂಗಳ ಖರ್ಚು ಡಯಾಪರ್, ಡ್ರೆಸ್ಸಿಂಗ್, ಆಟೊ ಸೇರಿ ಮೂರು ನಾಲ್ಕು ಸಾವಿರ. ಈ ಕೆಲಸದ ನಿಜವಾದ ಬೆಲೆ ಬೇರೆ ಇದೆ. ಭೇಟಿಗೆ ಹೋಗುವವರು ಸಾವನ್ನು ಹತ್ತಿರದಿಂದ ನೋಡುತ್ತಾರೆ. ತಿಂಗಳಿಗೊಮ್ಮೆ ಅವರೆಲ್ಲ ಕೂತು ಮಾತಾಡಲು ಒಂದು ಸಂಜೆ ಇಲ್ಲದಿದ್ದರೆ ವರ್ಷದೊಳಗೆ ಒಬ್ಬೊಬ್ಬರೇ ಹಿಂದೆ ಸರಿಯುತ್ತಾರೆ.

ಸಂಜೆ ಟ್ಯೂಷನ್

ಎಲ್ಲರ ಮನಸ್ಸಿಗೆ ಮೊದಲು ಬರುವುದು ಇದೇ, ಹೆಚ್ಚು ಸೋಲುವುದೂ ಇದೇ. ಕಾರಣ ಸರಳ. ಕಲಿಸಲು ಬರುವ ಕಾಲೇಜು ಹುಡುಗ ಹುಡುಗಿಯರಿಗೆ ಪರೀಕ್ಷೆ ಬರುವ ಹೊತ್ತಿಗೇ ಶಾಲೆಯ ಮಕ್ಕಳಿಗೂ ಪರೀಕ್ಷೆ ಬರುತ್ತದೆ. ಆದ್ದರಿಂದ ಸ್ವಯಂಸೇವಕರನ್ನೇ ನೆಚ್ಚಿಕೊಳ್ಳದೆ, ಸ್ಥಳೀಯ ಪದವೀಧರೆ ಒಬ್ಬರಿಗೆ ತಿಂಗಳಿಗೆ ನಾಲ್ಕೈದು ಸಾವಿರ ಕೊಟ್ಟು ನಿಯಮಿಸಿ. ಉಳಿದವರು ಕೈ ಆಸರೆಯಾಗಿರಲಿ. ಈ ಸಂಬಳವನ್ನು ಹತ್ತು ತಿಂಗಳು ಕೊಡಲು ಆಗದು ಎನಿಸಿದರೆ ಟ್ಯೂಷನ್ ಶುರು ಮಾಡಬೇಡಿ.

ಎರಡನೆಯ ತಪ್ಪು, ನಾಲ್ಕನೇ ತರಗತಿಯಿಂದ ಹತ್ತರವರೆಗೆ ಎಲ್ಲರನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಿ ಹೋಮ್‌ವರ್ಕ್ ಬರೆಸುವುದು. ಮೊದಲ ವಾರ ಪ್ರತಿ ಮಗುವಿಗೂ ಎರಡನೇ ತರಗತಿಯ ಒಂದು ಪ್ಯಾರಾ ಓದಿಸಿ, ದಶಕ ಸಹಿತ ಕಳೆಯುವ ಎರಡಂಕಿಯ ಲೆಕ್ಕ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ ಕೊಡಿ. ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆಯಲ್ಲಿ ಮಕ್ಕಳನ್ನು ಅಳೆಯುವುದು ಹೀಗೆಯೇ. ಏಳನೇ ತರಗತಿಯ ಮಗು ಭಾಗಾಕಾರದಲ್ಲಿ ನಿಂತುಹೋದರೆ ಅದಕ್ಕೆ ಬೀಜಗಣಿತದ ಹೋಮ್‌ವರ್ಕ್ ಬರೆಸಿ ಏನು ಫಲ? ತರಗತಿಯ ಪ್ರಕಾರ ಅಲ್ಲ, ನಿಂತ ಜಾಗದ ಪ್ರಕಾರ ಗುಂಪು ಮಾಡಿ. ಒಟ್ಟು 25 ಮಕ್ಕಳಿಗೆ ಮೇಲೆ ಬೇಡ.

ಮಕ್ಕಳ ಸುರಕ್ಷತೆಯಲ್ಲಿ ಯಾವ ರಿಯಾಯಿತಿಯೂ ಇಲ್ಲ. ಯಾವಾಗಲೂ ಇಬ್ಬರು ದೊಡ್ಡವರು, ಅವರಲ್ಲಿ ಒಬ್ಬರು ಹೆಂಗಸು. ಬಾಗಿಲು ತೆರೆದಿರಲಿ. ಪೋಷಕರ ಸಹಿ ಇರುವ ಒಪ್ಪಿಗೆ ಪತ್ರ ಇರಲಿ. ಕತ್ತಲಾದ ಮೇಲೆ ಹೆಣ್ಣುಮಕ್ಕಳನ್ನು ಮನೆ ತನಕ ಬಿಟ್ಟು ಬರುವವರು ಯಾರೆಂದು ಮೊದಲೇ ನಿಶ್ಚಯವಾಗಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಕಮಿಟಿಯೊಳಗೆ ಮುಚ್ಚಿಹಾಕಿದರೆ ಅದೂ ಅಪರಾಧ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಲಿ.

ಊಟ

ಊಟ ಹಾಕುವ ತೃಪ್ತಿ ದೊಡ್ಡದು. ಆದರೆ ಯಾರಿಗೆ ಎಂಬುದು ಸ್ಪಷ್ಟವಿರಲಿ. ಶಾಲೆಯಲ್ಲಿ ಬಿಸಿಯೂಟವಿದೆ, ಮನೆಗೆ ಅನ್ನಭಾಗ್ಯದ ಅಕ್ಕಿ ಬರುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ರೋಗಿಯ ಜೊತೆಗೆ ಇರುವವರಿಗೆ, ಒಬ್ಬಂಟಿ ಮುದುಕರಿಗೆ ರಾತ್ರಿ ಊಟದ ಕೊರತೆ ನಿಜವಾಗಿ ಇರುತ್ತದೆ. ಆಸ್ಪತ್ರೆಯಾದರೆ ಮುಖ್ಯ ವೈದ್ಯಾಧಿಕಾರಿಯ ಬರಹದ ಒಪ್ಪಿಗೆ ಪಡೆಯಿರಿ. ನಿಯಮಿತವಾಗಿ ಅಡುಗೆ ಮಾಡಿ ಹಂಚುವವರು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿಯನ್ನೂ ಮಾಡಿಸಿಕೊಳ್ಳಿ.

ಐವತ್ತು ಜನರ ಅನ್ನ ಸಾರಿಗೆ 6 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, 4–5 ಕಿಲೋ ತರಕಾರಿ. ಮೊಟ್ಟೆ ಸೇರಿದರೆ ಸುಮಾರು 1,800 ರೂಪಾಯಿ. ವಾರಕ್ಕೊಂದು ರಾತ್ರಿ ಎಂದರೆ ತಿಂಗಳಿಗೆ ಏಳೆಂಟು ಸಾವಿರ, ಬೆಳಗ್ಗೆ ಸಂತೆಯಿಂದ ರಾತ್ರಿ ಪಾತ್ರೆ ತೊಳೆಯುವ ತನಕ ಆರು ಜನ. ಈ ಪಟ್ಟಿಯಲ್ಲಿ ಜನರನ್ನು ಬೇಗ ದಣಿಸುವ ಕೆಲಸವಿದು. ಬಿಸಿ ಅಡುಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯದಂತೆ ಬಡಿಸಬೇಕು. ಸಂಜೆ ಆರಕ್ಕೆ ಒಲೆಯಿಂದ ಇಳಿಸಿದ್ದನ್ನು ಎಂಟರೊಳಗೆ ಮುಗಿಸಿ. ತೆಂಗಿನಕಾಯಿ ಹಾಕಿದ ಪಲ್ಯ, ಚಟ್ನಿ ಬೇಡ, ಮೊದಲು ಹಳಸುವುದು ಅವೇ. ಉಳಿದ ಅನ್ನವನ್ನು ‘ನಾಳೆಗೆ’ ಎಂದು ಯಾರಿಗೂ ಕಟ್ಟಿಕೊಡಬೇಡಿ.

ಆರೋಗ್ಯ ಶಿಬಿರ, ರಕ್ತದಾನ

ಒಂದು ದಿನದ ಆರೋಗ್ಯ ಶಿಬಿರ ಶಾಮಿಯಾನ, ಬ್ಯಾನರಿನ ಖರ್ಚಿಗೆ ತಕ್ಕ ಫಲ ಕೊಡುವುದು ಅಪರೂಪ. 140/90ಕ್ಕಿಂತ ಹೆಚ್ಚು ಬಿಪಿ ಬಂದ ಇಪ್ಪತ್ತು ಜನರ ಹೆಸರು ಬರೆದುಕೊಂಡು, ಮುಂದಿನ ವಾರ ಮತ್ತೆ ಅಳೆದು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಸರ್ಕಾರದ ‘ನಮ್ಮ ಕ್ಲಿನಿಕ್’ಗೋ ಕರೆದೊಯ್ದು, ಮೂರು ತಿಂಗಳು ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ವಿಚಾರಿಸುವ ನಾಲ್ವರು ಇದ್ದರೆ ಮಾತ್ರ ಇಡಿ. ಬಿಸಿಲಲ್ಲಿ ನಡೆದು ಬಂದವರನ್ನು ಐದು ನಿಮಿಷ ಕೂರಿಸದೆ ಬಿಪಿ ನೋಡಿದರೆ ಅರ್ಧ ಊರಿಗೆ ಸುಮ್ಮನೆ ಭಯ ಹುಟ್ಟಿಸಿದಂತೆ.

ರಕ್ತದಾನ ಸುಲಭ. ಪರವಾನಗಿ ಇರುವ ರಕ್ತನಿಧಿಯವರು ಬಂದು ಎಲ್ಲವನ್ನೂ ನಡೆಸುತ್ತಾರೆ, ನೀವು ಕೊಡಬೇಕಾದದ್ದು ಗಾಳಿಯಾಡುವ ಹಾಲ್, ನೀರು, ತಿಂಡಿ, ಜನ. 18ರಿಂದ 65 ವಯಸ್ಸು, ಕನಿಷ್ಠ 45 ಕಿಲೋ ತೂಕ, 12.5 ಗ್ರಾಂ ಹಿಮೋಗ್ಲೋಬಿನ್, ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳ ಅಂತರ. ಮಸೀದಿ, ದೇವಸ್ಥಾನ, ಯುವಕ ಸಂಘದವರೊಂದಿಗೆ ಜಂಟಿಯಾಗಿ ಮಾಡಲು ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ನೆರೆಹೊರೆಯ ಪರಿಚಯಕ್ಕಾಗಿಯಾದರೂ ವರ್ಷಕ್ಕೊಂದು ಇರಲಿ.

ಹೊಲಿಗೆ ತರಬೇತಿಯ ಬಗ್ಗೆ ಒಂದೇ ಮಾತು. ಆರು ಯಂತ್ರ ಕೊಂಡು ಧೂಳು ಹಿಡಿಸುವ ಬದಲು ಆಸಕ್ತರನ್ನು ನಿಮ್ಮ ಜಿಲ್ಲೆಯ ಆರ್‌ಸೆಟಿ (ಗ್ರಾಮೀಣ ಸ್ವಉದ್ಯೋಗ ತರಬೇತಿ) ಕೇಂದ್ರಕ್ಕೆ ಕಳಿಸಿ. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಆಗಿ ಶುರುವಾದ ಮಾದರಿ ಅದು. ಊಟ ವಸತಿ ಸಹಿತ ಉಚಿತ ತರಬೇತಿ, ಆಮೇಲೆ ಬ್ಯಾಂಕ್ ಸಾಲದ ದಾರಿಯನ್ನೂ ತೋರಿಸುತ್ತಾರೆ.

ನಿಮ್ಮದು ಯಾವ ಸಭೆ?

ಕೈಯಲ್ಲಿ ಹಣವೇ ಇಲ್ಲ, ಮೂವರು ಓದಿದವರಿದ್ದಾರೆ ಎಂದರೆ ಅರ್ಜಿ ಮೇಜು. ಜೊತೆಗೆ ಖಾಲಿ ಬಿದ್ದಿರುವ ಹಾಲನ್ನು ಲಸಿಕೆ ದಿನಕ್ಕೆ, ಕುಡಿತ ಬಿಡುವವರ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಕೂಟಕ್ಕೆ, ಓದಿಕೊಳ್ಳಲು ಜಾಗವಿಲ್ಲದ ಪಿಯು ಮಕ್ಕಳಿಗೆ ತೆರೆದಿಡಿ. ಖರ್ಚು ಟ್ಯೂಬ್‌ಲೈಟ್ ಮತ್ತು ಶೌಚಾಲಯ ಶುಚಿಯದ್ದು ಮಾತ್ರ.

ನಿವೃತ್ತ ನರ್ಸುಗಳು, ಮಕ್ಕಳು ದೊಡ್ಡವರಾಗಿ ಬಿಡುವಿರುವ ತಾಯಂದಿರು ಇದ್ದು ತಿಂಗಳಿಗೆ ನಾಲ್ಕೈದು ಸಾವಿರ ಸಿಗುವಂತಿದ್ದರೆ ಮನೆ ಭೇಟಿ. ನಮ್ಮ ಒಲವು ಇದರ ಕಡೆಗೇ. ಸರ್ಕಾರ ತಲುಪಲು ಕಷ್ಟಪಡುವ, ದುಡ್ಡಿನಿಂದ ಕೊಳ್ಳಲು ಬಾರದ ಕೆಲಸವಿದು. ಯುವಜನ ಸಂಘ ಗಟ್ಟಿಯಾಗಿದ್ದು, ಸರ್ಕಾರಿ ಶಾಲೆ ನಡಿಗೆಯ ದೂರದಲ್ಲಿದ್ದು, ಶಿಕ್ಷಕಿಯ ಸಂಬಳಕ್ಕೆ ಹತ್ತು ಮನೆ ತಲಾ 500 ವಾಗ್ದಾನ ಮಾಡಿದರೆ ಟ್ಯೂಷನ್. ತಾಲ್ಲೂಕು ಆಸ್ಪತ್ರೆ ಪಕ್ಕದಲ್ಲೇ ಇದ್ದು ಹದಿನೈದು ಇಪ್ಪತ್ತು ಜನ ಸರದಿಯಲ್ಲಿ ದುಡಿಯುವಂತಿದ್ದರೆ ಊಟ.

ಬೆಂಗಳೂರಿನಂಥ ಊರಿನ ದೊಡ್ಡ ಸಭೆಗೆ ಹಣದ ಕೊರತೆ ಇಲ್ಲದಿರಬಹುದು, ಆದರೆ ಸದಸ್ಯರು ಹತ್ತು ಹದಿನೈದು ಕಿಲೋಮೀಟರ್ ದೂರದಿಂದ ಬರುತ್ತಾರೆ, ಚರ್ಚಿನ ಸುತ್ತಲಿನ ಬೀದಿ ಅವರಿಗೆ ಗೊತ್ತಿರುವುದಿಲ್ಲ. ಅಂಥವರು ಚರ್ಚಿನ ಸುತ್ತ ಒಂದು ಕಿಲೋಮೀಟರಿನೊಳಗೆ ಆಗಲೇ ಕೆಲಸ ಮಾಡುತ್ತಿರುವವರನ್ನು ಹುಡುಕಿ ಅವರ ಕೈ ಬಲಪಡಿಸುವುದು ಹೊಸದನ್ನು ಕಟ್ಟುವುದಕ್ಕಿಂತ ಮೇಲು.

ಎರಡು ಕೆಲಸ ಒಟ್ಟಿಗೆ ಆರಂಭಿಸಬೇಡಿ. ಟ್ಯೂಷನ್ ಆದರೆ ಜೂನ್, ಅರ್ಜಿ ಮೇಜಾದರೆ ವಿದ್ಯಾರ್ಥಿವೇತನದ ಅರ್ಜಿಗಳು ಶುರುವಾಗುವ ಒಂದು ತಿಂಗಳು ಮುಂಚೆ, ಮನೆ ಭೇಟಿಗೆ ಯಾವ ತಿಂಗಳಾದರೂ ಸರಿ. ಆರು ತಿಂಗಳಾದ ಮೇಲೆ ಮೊದಲು ಮಾತಾಡಿಸಿದ ಆಶಾ ಕಾರ್ಯಕರ್ತೆ, ಮುಖ್ಯ ಶಿಕ್ಷಕರ ಬಳಿಗೇ ಮತ್ತೆ ಹೋಗಿ, ಎಲ್ಲಿ ತಪ್ಪುತ್ತಿದ್ದೇವೆ ಎಂದು ಕೇಳಿ. ಅವರು ಹೇಳಿದ್ದನ್ನು ಮುಂದಿನ ಕಮಿಟಿ ಸಭೆಯ ನಡಾವಳಿಯಲ್ಲಿ ಬರೆಯಿರಿ.